ಬಯಲುಸೀಮೆಯಿಂದ ವಿದೇಶದ ಕೃಷಿ ವಿಶ್ವವಿದ್ಯಾಲಯಕ್ಕೆ: ಹದಿನೆಂಟು ತಿಂಗಳ ತಯಾರಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ರೈತರ ಮನೆಯಿಂದ ಬಂದು ಬಿಎಸ್ಸಿ ಅಗ್ರಿ, ತೋಟಗಾರಿಕೆ ಅಥವಾ ರೇಷ್ಮೆ ಕೃಷಿ ಓದುತ್ತಿರುವವರು ಹೊರದೇಶದಲ್ಲಿ ಎಂಎಸ್ಸಿ ಮಾಡಬೇಕೆಂದರೆ, ತರಗತಿ ಶುರುವಾಗುವುದಕ್ಕೆ ಹದಿನೆಂಟು ತಿಂಗಳ ಮುಂಚೆ ಕೆಲಸ ಆರಂಭಿಸಬೇಕು. ಅಮೆರಿಕದಲ್ಲಿ ಆಗಸ್ಟ್, ನೆದರ್ಲೆಂಡ್ಸ್‌ನಲ್ಲಿ ಸೆಪ್ಟೆಂಬರ್, ಜರ್ಮನಿಯಲ್ಲಿ ಅಕ್ಟೋಬರ್ ಹೊತ್ತಿಗೆ ತರಗತಿ ಆರಂಭ. ಅಂದರೆ ಹಿಂದಿನ ವರ್ಷದ ಯುಗಾದಿ ಹೊತ್ತಿಗೆ ನಿಮ್ಮ ಮೊದಲ ಕಾಗದ ಕೈಯಲ್ಲಿರಬೇಕು. ತಡವಾದರೂ ಸೀಟು ಸಿಗುವುದುಂಟು, ಆದರೆ ವಿದ್ಯಾರ್ಥಿವೇತನ ಸಿಗುವುದು ಕಷ್ಟ. ಈ ಸೀಮೆಯ ಬಹುಪಾಲು ಮನೆಗಳಿಗೆ ವಿದ್ಯಾರ್ಥಿವೇತನ ಇಲ್ಲದ ಸೀಟು ಸೀಟೇ ಅಲ್ಲ.

ಪಿಯುಸಿ ಮುಗಿಸಿದ ಮಕ್ಕಳ ತಂದೆ ತಾಯಂದಿರಿಗೆ ಒಂದು ಮಾತು. ಬಿಎಸ್ಸಿಯನ್ನೇ ಹೊರದೇಶದಲ್ಲಿ ಓದಿಸಬೇಡಿ. ಪದವಿ ಹಂತಕ್ಕೆ ವಿದ್ಯಾರ್ಥಿವೇತನಗಳು ತೀರ ಕಡಿಮೆ, ಜರ್ಮನಿಯಲ್ಲಿ ಈ ಹಂತದ ಪಾಠ ಬಹುತೇಕ ಜರ್ಮನ್ ಭಾಷೆಯಲ್ಲೇ ನಡೆಯುತ್ತದೆ, ಮುಂದೆ ಇಲ್ಲಿನ ಕೃಷಿ ಇಲಾಖೆಯ ಹುದ್ದೆಗೆ ಅರ್ಜಿ ಹಾಕುವಾಗ ಪದವಿಯ ಮಾನ್ಯತೆಯ ಪ್ರಶ್ನೆ ಏಳುತ್ತದೆ. ಸಿಇಟಿಯಲ್ಲಿ ಕೃಷಿಕರ ಕೋಟಾ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವಾದ ಜಿಕೆವಿಕೆ ಇದೆ, ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜು, ಕೋಲಾರದ ಟಮಕದಲ್ಲಿ ತೋಟಗಾರಿಕೆ ಕಾಲೇಜು ಇವೆ. ನಾಲ್ಕು ವರ್ಷ ಇಲ್ಲಿ ಚೆನ್ನಾಗಿ ಓದಿ, ಆಮೇಲೆ ಹೊರಡಲಿ.

ಮೊದಲು ವಿಷಯ, ಆಮೇಲೆ ದೇಶ

"ಕೆನಡಾಗೆ ಹೋಗಬೇಕು, ಯಾವ ಕೋರ್ಸ್ ಆದರೂ ಸರಿ" ಎಂದು ಹೊರಟವರು ಸಾಮಾನ್ಯವಾಗಿ ಏಜೆಂಟರು ತೋರಿಸಿದ ಕೋರ್ಸಿಗೇ ಸೇರುತ್ತಾರೆ. ನಿಮ್ಮ ತಾಲ್ಲೂಕಿನ ಬೆಳೆಗೆ ಏನು ಕಾಟ ಇದೆಯೋ ಅಲ್ಲಿಂದ ಶುರು ಮಾಡಿ. ವಿಷಯ ಅಲ್ಲೇ ಸಿಗುತ್ತದೆ.

ಕೋಲಾರದ ಟೊಮೆಟೊ ತೋಟದಲ್ಲಿ ಬಿಳಿನೊಣ ಹರಡುವ ಎಲೆ ಮುದುಡು ನಂಜುರೋಗ ಮತ್ತು ಟೂಟಾ ಊಜಿ ಕಂಡವರಿಗೆ ಸಸ್ಯರೋಗಶಾಸ್ತ್ರ, ಕೀಟಶಾಸ್ತ್ರ ಸಹಜ ದಾರಿ. ಬೆಲೆ ಬಿದ್ದಾಗ ಬಾಕ್ಸುಗಟ್ಟಲೆ ಹಣ್ಣು ರಸ್ತೆ ಬದಿಗೆ ಸುರಿಯುವುದನ್ನು ಕಂಡವರಿಗೆ ಕೊಯ್ಲೋತ್ತರ ತಂತ್ರಜ್ಞಾನ ಅಥವಾ ಕೃಷಿ ಅರ್ಥಶಾಸ್ತ್ರ. ಶ್ರೀನಿವಾಸಪುರದ ಮಾವಿಗೂ ಇದೇ ಮಾತು ಹೊಂದುತ್ತದೆ. ಚಿಕ್ಕಬಳ್ಳಾಪುರದ ದ್ರಾಕ್ಷಿಯವರು ಕ್ಯಾಲಿಫೋರ್ನಿಯಾದ ಡೇವಿಸ್, ಜರ್ಮನಿಯ ಗೈಸೆನ್‌ಹೈಮ್, ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯಗಳ ಕಡೆ ನೋಡಬೇಕು. ಪಾಲಿಹೌಸ್‌ನಲ್ಲಿ ಗುಲಾಬಿ, ದಪ್ಪ ಮೆಣಸಿನಕಾಯಿ ಬೆಳೆಯುವವರಿಗೆ ನೆದರ್ಲೆಂಡ್ಸ್‌ನ ವಾಗೆನಿಂಗೆನ್ ಅತ್ಯುತ್ತಮ. ತಿಪಟೂರು ಭಾಗದ ತೆಂಗಿನ ಕಪ್ಪುತಲೆ ಹುಳು, ರೂಗೋಸ್ ಬಿಳಿನೊಣ ಇವು ಜೈವಿಕ ನಿಯಂತ್ರಣದ ವಿಷಯಗಳು. ಪಾವಗಡದ ಕಡಲೆಕಾಯಿ, ಶಿರಾದ ರಾಗಿ ಹೊಲ ಎಂದರೆ ಒಣಬೇಸಾಯ, ಬರ ತಾಳುವ ತಳಿ ಅಭಿವೃದ್ಧಿ. ಇದಕ್ಕೆ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಗ್ಯಾಟನ್ ಕ್ಯಾಂಪಸ್ ನೋಡಬಹುದು. ರೇಷ್ಮೆಯವರು ಮಾತ್ರ ಸ್ವಲ್ಪ ಯೋಚಿಸಬೇಕು. ಪಶ್ಚಿಮದ ದೇಶಗಳಲ್ಲಿ ರೇಷ್ಮೆ ಕೃಷಿಗೆಂದೇ ಎಂಎಸ್ಸಿ ಹುಡುಕುವುದಕ್ಕಿಂತ ಕೀಟಶಾಸ್ತ್ರ ಅಥವಾ ಕೀಟಗಳ ಅನುವಂಶೀಯತೆ ಆರಿಸಿಕೊಂಡು, ಪ್ರಬಂಧವನ್ನು ರೇಷ್ಮೆಹುಳುವಿನ ಕಡೆಗೆ ತಿರುಗಿಸಿಕೊಳ್ಳುವುದು ಮೇಲು.

ಇನ್ನೊಂದು ವಿಷಯ ನಮ್ಮ ಕಣ್ಣೆದುರೇ ಇದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಇಂಥದೇ ಎಚ್.ಎನ್. ವ್ಯಾಲಿ ಯೋಜನೆಯ ನೀರು ಚಿಕ್ಕಬಳ್ಳಾಪುರಕ್ಕೆ ಬಂದಿದೆ. ಇಂಥ ನೀರಿನಿಂದ ಮಣ್ಣಿಗೆ, ಅಂತರ್ಜಲಕ್ಕೆ, ಸೊಪ್ಪು ತರಕಾರಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಇಸ್ರೇಲ್, ಕ್ಯಾಲಿಫೋರ್ನಿಯಾಗಳ ಮಣ್ಣು ವಿಜ್ಞಾನಿಗಳು ಬಹಳ ವರ್ಷಗಳಿಂದ ಅಧ್ಯಯನ ಮಾಡುತ್ತಿದ್ದಾರೆ. ರೆಹೋವೊತ್‌ನಲ್ಲಿರುವ ಹೀಬ್ರೂ ವಿಶ್ವವಿದ್ಯಾಲಯದ ಕೃಷಿ ವಿಭಾಗ ಇದಕ್ಕೆ ಹೆಸರಾದದ್ದು. ಬೇರೆಯವರು ಪುಸ್ತಕದಲ್ಲಿ ಓದಿ ಬರೆಯುವುದನ್ನು ನೀವು ಊರಿನ ಕೆರೆ ಏರಿಯ ಮೇಲೆ ನಿಂತು ನೋಡಿದ್ದೀರಿ. ಈ ಅನುಕೂಲವನ್ನು ಬಿಡಬೇಡಿ.

ದೇಶ ದೇಶಕ್ಕೂ ಲೆಕ್ಕ ಬೇರೆ

ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ ಅಥವಾ ಅಲ್ಪ. ಗೊಟ್ಟಿಂಗೆನ್‌ನಲ್ಲಿ ಸೆಮಿಸ್ಟರ್ ವಂತಿಗೆ ಮಾತ್ರ. ಹೋಹೆನ್‌ಹೈಮ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನ ಹೊರಗಿನವರು ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು. ಸಾವಯವ ಕೃಷಿಯಲ್ಲಿ ಆಸಕ್ತಿ ಇದ್ದರೆ ಕಾಸೆಲ್ ವಿಶ್ವವಿದ್ಯಾಲಯದ ವಿಟ್ಸೆನ್‌ಹೌಸೆನ್ ಕ್ಯಾಂಪಸ್ ನೋಡಿ. ಗೊಟ್ಟಿಂಗೆನ್ ಜೊತೆ ಸೇರಿ ಅದು ಇಂಗ್ಲಿಷಿನಲ್ಲಿ ನಡೆಸುವ ಸುಸ್ಥಿರ ಅಂತರರಾಷ್ಟ್ರೀಯ ಕೃಷಿ ಎಂಎಸ್ಸಿ ನಮ್ಮವರಿಗೆ ಹೊಂದುವಂಥದ್ದು.

ಅಮೆರಿಕದಲ್ಲಿ ಶುಲ್ಕ ದುಬಾರಿ. ಆದರೆ ಪ್ರೊಫೆಸರ್ ತಮ್ಮ ಸಂಶೋಧನಾ ಅನುದಾನದಿಂದ ಅಸಿಸ್ಟೆಂಟ್‌ಶಿಪ್ ಕೊಟ್ಟರೆ ಶುಲ್ಕ ಮನ್ನಾ ಆಗಿ ತಿಂಗಳ ಸ್ಟೈಪೆಂಡೂ ಬರುತ್ತದೆ. ಅದಕ್ಕೆ ಬದಲಾಗಿ ವಾರಕ್ಕೆ ಸುಮಾರು 20 ಗಂಟೆ ಲ್ಯಾಬ್, ಹೊಲದ ಕೆಲಸ ಅಥವಾ ಪಾಠದ ನೆರವು. ಇಲ್ಲಿ ಎಡವುವ ಜಾಗ ಒಂದಿದೆ: ಎಂಎಸ್‌ನಲ್ಲಿ ಥೀಸಿಸ್ ಇರುವುದು, ಇಲ್ಲದ್ದು ಎಂದು ಎರಡು ಬಗೆ. ಥೀಸಿಸ್ ಇಲ್ಲದ್ದು ಬೇಗ ಮುಗಿಯುತ್ತದೆ, ಸುಲಭವಾಗಿ ಸೀಟೂ ಸಿಗುತ್ತದೆ, ಆದರೆ ಅದಕ್ಕೆ ಅಸಿಸ್ಟೆಂಟ್‌ಶಿಪ್ ಸಿಗುವುದು ಅಪರೂಪ. ಅರ್ಜಿಯಲ್ಲಿ ಥೀಸಿಸ್ ಆಯ್ಕೆಯನ್ನೇ ಗುರುತು ಹಾಕಿ.

ಯುರೋಪಿನ ಎರಾಸ್ಮಸ್ ಮುಂಡಸ್ ಜಂಟಿ ಎಂಎಸ್ಸಿಗಳಲ್ಲಿ ಆಯ್ಕೆಯಾದರೆ ಶುಲ್ಕವೂ ಇಲ್ಲ, ತಿಂಗಳಿಗೆ 1,400 ಯೂರೋ ಕೂಡ ಕೊಡುತ್ತಾರೆ. ಎರಡು ವರ್ಷದಲ್ಲಿ ಕನಿಷ್ಠ ಎರಡು ದೇಶದಲ್ಲಿ ಓದು. ಸಸ್ಯ ತಳಿ ಅಭಿವೃದ್ಧಿ, ಸಸ್ಯ ಆರೋಗ್ಯ, ಗ್ರಾಮೀಣಾಭಿವೃದ್ಧಿ ಎಲ್ಲಕ್ಕೂ ಕೋರ್ಸ್‌ಗಳಿವೆ. ಕೊನೆಯ ದಿನಾಂಕ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಬರುತ್ತದೆ.

ಹೆಸರು ಸರಿ ಮಾಡಿಕೊಳ್ಳಿ

ಚಿಕ್ಕದಾಗಿ ಕಂಡರೂ ಅತಿ ಹೆಚ್ಚು ದಿನ ತಿನ್ನುವ ಕೆಲಸ ಇದೇ. ಮಾರ್ಕ್ಸ್ ಕಾರ್ಡಿನಲ್ಲಿ "ನವೀನ್ ಕೆ.ವಿ." ಎಂದಿದೆ ಅಂದುಕೊಳ್ಳಿ. ಕೆ ಎಂದರೆ ಕೈವಾರ, ವಿ ಎಂದರೆ ತಂದೆ ವೆಂಕಟರವಣಪ್ಪ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ನಡೆಯದು, ಬಿಡಿಸಿ ಬರೆಯಬೇಕು. ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ನವೀನ್ ಎಂಬುದೇ ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂಬ, ಮೊದಲ ಹೆಸರು ತಿಳಿಯದು ಎನ್ನುವ ಅರ್ಥದ ಮೂರಕ್ಷರ ಬಂದು ಕೂರುತ್ತದೆ. ಅಲ್ಲಿಂದ ಮುಂದೆ ಬ್ಯಾಂಕ್ ಖಾತೆ, ಚಾಲನಾ ಪರವಾನಗಿ ಎಲ್ಲದರಲ್ಲೂ ಅದೇ ಹೆಸರು. ಹಾಗಾಗಿ ನವೀನ್ ಎಂಬುದನ್ನು ಹೆಸರಿಗೆ, ಕೈವಾರ ವೆಂಕಟರವಣಪ್ಪ ಎಂಬುದನ್ನು ಸರ್‌ನೇಮಿಗೆ ಹಾಕಿಸಿ. ಎಲ್ಲ ಅರ್ಜಿಗಳನ್ನೂ ಪಾಸ್‌ಪೋರ್ಟಿನ ಹೆಸರಿನಲ್ಲೇ ತುಂಬಿ. ಮಾರ್ಕ್ಸ್ ಕಾರ್ಡಿನವರೂ ಪಾಸ್‌ಪೋರ್ಟಿನವರೂ ಒಬ್ಬರೇ ಎಂದು ನೋಟರಿ ಅಫಿಡವಿಟ್ ಒಂದನ್ನು ಮಾಡಿಸಿ ಇಟ್ಟುಕೊಳ್ಳಿ.

ತಂದೆಯ ಹೆಸರನ್ನೂ ನೋಡಿ. ಪಹಣಿಯಲ್ಲಿ ವೆಂಕಟರವಣಪ್ಪ, ಆಧಾರ್‌ನಲ್ಲಿ ವೆಂಕಟರಮಣಪ್ಪ, ಪ್ಯಾನ್‌ನಲ್ಲಿ ವೆಂಕಟರಮಣ ಎಂದಿದ್ದರೆ ಬ್ಯಾಂಕಿನ ವಕೀಲರು ಕಡತವನ್ನು ಅಲ್ಲೇ ನಿಲ್ಲಿಸುತ್ತಾರೆ. ಸಾಲದ ಅರ್ಜಿಗೆ ಮುಂಚೆಯೇ ಇದನ್ನು ತಿದ್ದಿಸಿ. 36 ಪುಟದ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ. ಪೊಲೀಸ್ ಪರಿಶೀಲನೆ ನಿಮ್ಮ ವಾಸದ ವಿಳಾಸಕ್ಕೆ ಬರುತ್ತದೆ. ಹಾಸ್ಟೆಲ್‌ನಲ್ಲಿದ್ದು ಊರಿನ ವಿಳಾಸ ಕೊಟ್ಟಿದ್ದರೆ ಆ ದಿನ ಊರಿನಲ್ಲಿರಿ.

ಅಂಕಪಟ್ಟಿ, ಐಇಎಲ್‌ಟಿಎಸ್, ಎಪಿಎಸ್

ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್‌ನ (ಎಲ್ಲ ಸೆಮಿಸ್ಟರ್‌ಗಳ ಅಂಕಗಳ ಅಧಿಕೃತ ಪಟ್ಟಿ) ಕನಿಷ್ಠ ಐದು ಪ್ರತಿಗಳನ್ನು ಮುಚ್ಚಿದ ಲಕೋಟೆಯಲ್ಲಿ ಪಡೆಯಿರಿ. ಅದರಲ್ಲಿ ಗ್ರೇಡಿಂಗ್ ಪದ್ಧತಿ, ಅಂದರೆ ಗರಿಷ್ಠ ಎಷ್ಟು, ಪಾಸಾಗಲು ಎಷ್ಟು ಎಂಬುದು ಅಚ್ಚಾಗಿರಲೇಬೇಕು. ಯಾಕೆಂದರೆ ಜರ್ಮನಿಯವರು ನಿಮ್ಮ ಒಜಿಪಿಎಯನ್ನು (ಪದವಿಯ ಒಟ್ಟು ಸರಾಸರಿ ಗ್ರೇಡ್) ತಮ್ಮ 1ರಿಂದ 4ರ ಅಳತೆಗೆ ಇಳಿಸುತ್ತಾರೆ. ಅಲ್ಲಿ 1 ಅತ್ಯುತ್ತಮ. ಗರಿಷ್ಠದಿಂದ ನಿಮ್ಮ ಅಂಕ ಕಳೆದು, ಅದನ್ನು ಗರಿಷ್ಠ ಮತ್ತು ಪಾಸಿನ ನಡುವಿನ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಬೇಕು. 10ಕ್ಕೆ 8.2 ಒಜಿಪಿಎ ಇದ್ದು ಪಾಸಿನ ಗಡಿ 5 ಆದರೆ 2.08 ಬರುತ್ತದೆ. ಗಡಿ 5.5 ಎಂದು ಹಿಡಿದರೆ ಅದೇ ಅಂಕ 2.2 ಆಗುತ್ತದೆ. ಹಲವು ಕೋರ್ಸ್‌ಗಳು 2.5ಕ್ಕಿಂತ ಚೆನ್ನಾಗಿರಬೇಕು ಎನ್ನುತ್ತವೆ. ಪಾಸು 5 ಆದರೆ ಅದು ಇಲ್ಲಿನ 7.5. ಅರ್ಜಿ ಹಾಕುವ ಮುಂಚೆ ನೀವೇ ಈ ಲೆಕ್ಕ ಮಾಡಿ.

ಜರ್ಮನಿಯ ವಿದ್ಯಾರ್ಥಿ ವೀಸಾಗೆ 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ಅದು ನಿಮ್ಮ ದಾಖಲೆಗಳು ಅಸಲಿ ಎನ್ನುವ ದೃಢೀಕರಣ. ಶುಲ್ಕ 18,000 ರೂಪಾಯಿ. ಪರಿಶೀಲನೆಗೆ ವಾರಗಟ್ಟಲೆ ಹಿಡಿಯುವುದರಿಂದ ವಿಶ್ವವಿದ್ಯಾಲಯದ ಅರ್ಜಿಗಿಂತ ಮೊದಲೇ ಕಳಿಸಿ.

ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಐಇಎಲ್‌ಟಿಎಸ್‌ನಲ್ಲಿ ಒಟ್ಟು 6.5, ಪ್ರತಿ ವಿಭಾಗದಲ್ಲೂ 6 ಬಂದರೆ ಬಹುತೇಕ ಬಾಗಿಲು ತೆರೆಯುತ್ತವೆ. ಕನ್ನಡ ಮಾಧ್ಯಮದಿಂದ ಬಂದವರು ಹೆದರುವುದು ಮಾತಿಗೆ, ಆದರೆ ಅಂಕ ಹೋಗುವುದು ಬರವಣಿಗೆಯಲ್ಲಿ. ಮೂರು ತಿಂಗಳು ದಿನಕ್ಕೊಂದು ಉತ್ತರ ಕೈಯಲ್ಲಿ ಬರೆದು, ತಿಳಿದವರಿಂದ ತಿದ್ದಿಸಿಕೊಂಡರೆ ಸಾಕು. ಫಲಿತಾಂಶಕ್ಕೆ ಎರಡೇ ವರ್ಷ ಆಯುಸ್ಸು, ಆದ್ದರಿಂದ ತೀರ ಮುಂಚೆಯೂ ಬರೆಯಬೇಡಿ.

ಕೊನೆಯ ಸೆಮಿಸ್ಟರ್ ಫಲಿತಾಂಶ ತಡವಾಗಿ ಪ್ರವೇಶ ಕೈತಪ್ಪುವುದುಂಟು. ಹಾಗಾದರೆ ಒಂದು ವರ್ಷ ಕೃಷಿ ವಿಜ್ಞಾನ ಕೇಂದ್ರ (ಕೆವಿಕೆ), ರೈತ ಉತ್ಪಾದಕ ಕಂಪನಿ, ಬೀಜ ಕಂಪನಿ ಅಥವಾ ಸಂಶೋಧನಾ ಯೋಜನೆಯೊಂದರಲ್ಲಿ ದುಡಿಯಿರಿ. ಹಿರೇಹಳ್ಳಿ, ಕೊನೆಹಳ್ಳಿ, ಟಮಕ, ಕುರುಬೂರು, ಎಲ್ಲ ಕಡೆ ಕೃಷಿ ವಿಜ್ಞಾನ ಕೇಂದ್ರಗಳಿವೆ. ಈ ವರ್ಷ ವ್ಯರ್ಥವಲ್ಲ, ಕೆಲಸದ ಅನುಭವಕ್ಕೆ ಸೇರುತ್ತದೆ. ಜರ್ಮನಿಯ ಡಿಎಎಡಿ ಸಂಸ್ಥೆಯ ಅಭಿವೃದ್ಧಿ ಸಂಬಂಧಿ ಕೋರ್ಸ್‌ಗಳ ವಿದ್ಯಾರ್ಥಿವೇತನಕ್ಕೂ, ಬ್ರಿಟನ್ನಿನ ಚೀವ್ನಿಂಗ್‌ಗೂ ಪದವಿಯ ನಂತರ ಎರಡು ವರ್ಷದ ಕೆಲಸದ ಅನುಭವ ಬೇಕೇ ಬೇಕು.

ಪ್ರೊಫೆಸರಿಗೆ ಬರೆಯುವ ಪತ್ರ

ಅಮೆರಿಕ, ಕೆನಡಾ, ಇಸ್ರೇಲ್‌ಗಳಿಗೆ ಅರ್ಜಿ ಹಾಕುವವರ ಭವಿಷ್ಯ ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ. ಅಮೆರಿಕದಲ್ಲಿ ಅನುದಾನದ ಜೊತೆಗಿನ ಸೀಟಿಗೆ ಅರ್ಜಿಯ ಗಡುವು ಸಾಮಾನ್ಯವಾಗಿ ಡಿಸೆಂಬರ್–ಜನವರಿ. ಅದಕ್ಕೆ ಮುಂಚೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಪತ್ರಗಳು ಹೋಗಿರಬೇಕು.

ಒಂದೇ ಪತ್ರವನ್ನು ನಲವತ್ತು ಜನಕ್ಕೆ ಕಳಿಸಬೇಡಿ, ಒಬ್ಬರಿಂದಲೂ ಉತ್ತರ ಬರುವುದಿಲ್ಲ. ಹನ್ನೆರಡು ಜನರನ್ನು ಆರಿಸಿ. ಒಬ್ಬೊಬ್ಬರ ಇತ್ತೀಚಿನ ಎರಡು ಸಂಶೋಧನಾ ಲೇಖನ ಓದಿ. ಪತ್ರ 200 ಪದ ದಾಟಬಾರದು. ಮೊದಲ ಸಾಲಿನಲ್ಲಿ ನೀವು ಯಾರು, ಏನು ಓದಿದ್ದೀರಿ. ಎರಡನೆಯದರಲ್ಲಿ ಅವರ ಯಾವ ಲೇಖನದ ಯಾವ ಅಂಶ ನಿಮ್ಮ ಕೆಲಸಕ್ಕೆ ತಾಗುತ್ತದೆ. ಆಮೇಲೆ ನೀವು ಕೈಯಾರೆ ಮಾಡಿದ್ದು: ಎಷ್ಟು ಪ್ಲಾಟು, ಏನು ಅಳೆದಿರಿ, ಯಾವ ಸಾಫ್ಟ್‌ವೇರ್‌ನಲ್ಲಿ ವಿಶ್ಲೇಷಿಸಿದಿರಿ. ಕೊನೆಗೆ ನೇರ ಪ್ರಶ್ನೆ: ಮುಂದಿನ ವರ್ಷ ಹೊಸ ವಿದ್ಯಾರ್ಥಿಗೆ ನಿಮ್ಮಲ್ಲಿ ಅನುದಾನ ಇದೆಯೇ? ಎರಡು ಪುಟದ ಬಯೋಡೇಟಾ ಲಗತ್ತಿಸಿ. ಎರಡು ವಾರ ಬಿಟ್ಟು ಒಮ್ಮೆ ನೆನಪಿಸಬಹುದು, ಮೂರನೇ ಸಲ ಬೇಡ.

ಏಕೆ ಓದಬೇಕೆಂದಿದ್ದೀರಿ ಎಂದು ಅರ್ಜಿಯೊಂದಿಗೆ ಬರೆಯುವ ಉದ್ದೇಶ ಪತ್ರದಲ್ಲೂ ಇದೇ ಹದ ಇರಲಿ. "ನಾನು ರೈತರ ಮಗ, ರೈತ ದೇಶದ ಬೆನ್ನೆಲುಬು" ಎಂದು ಆರಂಭಿಸಿದರೆ ಓದುವವರಿಗೆ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ಬದಲಿಗೆ ಹೀಗೆ ಬರೆದು ನೋಡಿ: "ರಾವೆ (ಹಳ್ಳಿಯಲ್ಲಿದ್ದು ಕಲಿಯುವ) ಕಾರ್ಯಕ್ರಮದಲ್ಲಿ ನಾನಿದ್ದ ಹಳ್ಳಿಯ ಒಂದು ಟೊಮೆಟೊ ಹೊಲದಲ್ಲಿ ನಾಟಿಯಾದ ಐದನೇ ವಾರಕ್ಕೇ ಅರ್ಧದಷ್ಟು ಗಿಡ ಮುದುಡಿದ್ದವು. ಪಕ್ಕದ ಹೊಲದಲ್ಲಿ ಸುತ್ತ ಎರಡು ಸಾಲು ಮುಸುಕಿನ ಜೋಳ ಇತ್ತು, ಅಲ್ಲಿ ರೋಗ ಕಡಿಮೆ. ಜೋಳ ಬಿಳಿನೊಣವನ್ನು ತಡೆಯಿತೇ, ಅಥವಾ ಸಸಿಮಡಿಯ ನೆಟ್‌ನಲ್ಲೇ ವ್ಯತ್ಯಾಸ ಇತ್ತೇ?" ನೀವು ನಿಜವಾಗಿ ಕಂಡದ್ದನ್ನೇ ಬರೆಯಬೇಕು, ಸಂದರ್ಶನದಲ್ಲಿ ಮೊದಲ ಪ್ರಶ್ನೆ ಅಲ್ಲಿಂದಲೇ ಬರುತ್ತದೆ.

ಶಿಫಾರಸು ಪತ್ರ ಕೊಡುವ ಮೇಷ್ಟ್ರುಗಳಿಗೆ ಕನಿಷ್ಠ ನಾಲ್ಕು ವಾರ ಸಮಯ ಕೊಡಿ. ಅವರು ಕಾಲೇಜಿನ ಅಧಿಕೃತ ಇಮೇಲ್‌ನಿಂದಲೇ ಕಳಿಸಲಿ, ಖಾಸಗಿ ಜಿಮೇಲ್‌ನಿಂದ ಬಂದ ಪತ್ರವನ್ನು ಹಲವು ಕಡೆ ಅನುಮಾನದಿಂದ ನೋಡುತ್ತಾರೆ.

ದುಡ್ಡು: ಹೊಲದ ಮೇಲೆ ಸಾಲ ಸಿಗುವುದಿಲ್ಲ

ಹತ್ತು ಎಕರೆ ಜಮೀನಿದೆ, ಬ್ಯಾಂಕು ಸಾಲ ಕೊಟ್ಟೇ ಕೊಡುತ್ತದೆ ಎಂದು ನಂಬಿ, ಪ್ರವೇಶ ಪತ್ರ ಬಂದ ಮೇಲೆ ಶಾಖೆಗೆ ಹೋಗಿ ಬರಿಗೈಯಲ್ಲಿ ಹಿಂದಿರುಗುವ ಕುಟುಂಬಗಳಿವೆ. ಶಿಕ್ಷಣ ಸಾಲ 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತಾರೆ. ಆದರೆ ಸಾಲ ವಸೂಲಿಯ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಕೋರ್ಟಿಗೆ ಹೋಗದೆ ಬ್ಯಾಂಕು ಅದನ್ನು ಹರಾಜು ಹಾಕುವಂತಿಲ್ಲ. ಅದಕ್ಕೇ ಪಹಣಿ ತೋರಿಸಿದರೆ ಶಿಕ್ಷಣ ಸಾಲದ ಮೇಜಿನಲ್ಲಿ ತಲೆ ಅಲ್ಲಾಡಿಸುತ್ತಾರೆ. ಅವರಿಗೆ ಬೇಕಾದದ್ದು ಮನೆ, ಪರಿವರ್ತನೆಯಾದ ನಿವೇಶನ, ಠೇವಣಿ ಅಥವಾ ಎಲ್‌ಐಸಿ ಪಾಲಿಸಿ.

ಹಳ್ಳಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಕಾವೇರಿ ತಂತ್ರಾಂಶದಿಂದ ತೆಗೆದ ಋಣಭಾರ ಪತ್ರ, ಕ್ರಯಪತ್ರ ಅಥವಾ ವಿಭಾಗ ಪತ್ರ ಬೇಕು. ಮನೆ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇದ್ದರೆ, ಎಲ್ಲ ವಾರಸುದಾರರ ಸಹಿ ಪಡೆದು ಖಾತೆ ಬದಲಾಯಿಸಲು ತಿಂಗಳುಗಟ್ಟಲೆ ಬೇಕಾಗುತ್ತದೆ. ಹದಿನೆಂಟು ತಿಂಗಳ ಲೆಕ್ಕದಲ್ಲಿ ಮೊದಲ ಕೆಲಸವೇ ಇದು. ಅಡಮಾನವಿಲ್ಲದೆ ಸಾಲ ಕೊಡುವ ಆಯ್ದ ವಿದೇಶಿ ವಿಶ್ವವಿದ್ಯಾಲಯಗಳ ಪಟ್ಟಿ ಕೆಲವು ಬ್ಯಾಂಕುಗಳಲ್ಲಿದೆ. ನಿಮ್ಮ ವಿಶ್ವವಿದ್ಯಾಲಯ ಅದರಲ್ಲಿದೆಯೇ ಎಂದು ಕೇಳಿ. ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಭಾರತದೊಳಗಿನ ಓದಿಗೆ ಮಾತ್ರ, ಅದನ್ನು ನಂಬಿ ಕೂರಬೇಡಿ.

ಬಡ್ಡಿಯ ಲೆಕ್ಕವನ್ನು ಅಪ್ಪ ಅಮ್ಮನ ಜೊತೆ ಕೂತು ಮಾಡಿ. 20 ಲಕ್ಷ ಸಾಲಕ್ಕೆ ಶೇ 10.5ರಂತೆ ವರ್ಷಕ್ಕೆ 2.1 ಲಕ್ಷ ಬಡ್ಡಿ, ತಿಂಗಳಿಗೆ 17,500. ಓದುವ ಎರಡು ವರ್ಷ ಮತ್ತು ಆಮೇಲೆ ಕಂತು ಕೇಳದ ಒಂದು ವರ್ಷ ಬಡ್ಡಿ ಕಟ್ಟದೇ ಬಿಟ್ಟರೆ, ಪೂರ್ತಿ ಹಣ ಮೊದಲೇ ಪಡೆದಿದ್ದಲ್ಲಿ, ಬಾಕಿ 26.3 ಲಕ್ಷ ಆಗುತ್ತದೆ. ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 35,500. ಬಡ್ಡಿಯನ್ನು ಆಗಾಗಲೇ ಕಟ್ಟಿಕೊಂಡು ಬಂದರೆ ಕಂತು ಸುಮಾರು 27,000ಕ್ಕೆ ನಿಲ್ಲುತ್ತದೆ. ಡೇರಿಯ ಹಾಲಿನ ಬಟವಾಡೆ ಈ 17,500ನ್ನು ತಾಳುತ್ತದೆಯೇ? ಕೊಳವೆಬಾವಿ ಬತ್ತಿದ ವರ್ಷವೂ ತಾಳುತ್ತದೆಯೇ? ಇಲ್ಲ ಎಂದಾದರೆ ಸಾಲದ ಮೊತ್ತ ಇಳಿಸಿ, ಶುಲ್ಕ ಕಡಿಮೆಯ ದೇಶ ನೋಡಿ.

ಸರ್ಕಾರದ ನೆರವೂ ಇದೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಪರಿಶಿಷ್ಟ ಜಾತಿ, ಅಲೆಮಾರಿ ಬುಡಕಟ್ಟುಗಳ ಜೊತೆಗೆ ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೂ ಇದೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗೆ, ಪದವಿಯಲ್ಲಿ ಶೇ 60 ಅಂಕ, ವಯಸ್ಸು 35ರ ಒಳಗೆ ಇರಬೇಕು. ಕೂಲಿಯಿಂದ ಬದುಕುವ ಮನೆಗಳಿಗೆ ಈ ದಾರಿ ಇದೆ ಎನ್ನುವುದೇ ಹಲವರಿಗೆ ಗೊತ್ತಿಲ್ಲ. ರಾಜ್ಯದ ಪ್ರಬುದ್ಧ ಯೋಜನೆ ಪರಿಶಿಷ್ಟ ಜಾತಿ, ಪಂಗಡದವರಿಗೆ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳಲ್ಲೂ ವಿದೇಶ ವ್ಯಾಸಂಗದ ಸಾಲ ಯೋಜನೆಗಳಿವೆ. ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ತೆಗೆಸಿಡಿ. ಇಲ್ಲಿ ತೋರಿಸಿದ ಆದಾಯವೂ ವೀಸಾಗೆ ತೋರಿಸುವ ಆದಾಯವೂ ಬೇರೆಯಾಗಿದ್ದರೆ ಎರಡೂ ಕೆಡುತ್ತವೆ, ನಿಜವಾದ ಒಂದೇ ಅಂಕಿ ಇರಲಿ.

ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ ಸಲ್ಲಿಸದ ಮನೆಗಳೇ ಹೆಚ್ಚು. ವೀಸಾ ಅಧಿಕಾರಿಗೆ ಆದಾಯ ತೋರಿಸಲು ದಾಖಲೆ ಬೇಕು. ಒಂದು ವರ್ಷ ಮುಂಚಿನಿಂದಲೇ ಟೊಮೆಟೊ, ಕೊಬ್ಬರಿ, ರೇಷ್ಮೆ ಗೂಡು ಮಾರಿದ ಹಣ ಬ್ಯಾಂಕ್ ಖಾತೆಗೇ ಬರುವಂತೆ ನೋಡಿಕೊಳ್ಳಿ. ಮಂಡಿಯಲ್ಲಿ ಬಿಳಿ ಚೀಟಿ ಬೇಡ, ಬಿಲ್ ಕೇಳಿ ಪಡೆಯಿರಿ. ಹಾಲಿನ ಸಂಘದ ಪಾಸ್‌ಬುಕ್, ಪಹಣಿ, ಸಿಎ ಕೊಡುವ ಆಸ್ತಿ ಮೌಲ್ಯದ ಪತ್ರ ಜೊತೆಗಿರಲಿ. ವೀಸಾ ಅರ್ಜಿಗೆ ಹದಿನೈದು ದಿನ ಮುಂಚೆ ನೆಂಟರಿಂದ ತಂದು ಹಾಕಿದ 8 ಲಕ್ಷ ರೂಪಾಯಿ ಅನುಮಾನ ತರುತ್ತದೆಯೇ ಹೊರತು ನೆರವಾಗುವುದಿಲ್ಲ.

ಜರ್ಮನಿಗೆ ಈ ತೊಡಕು ಕಡಿಮೆ. ಅಲ್ಲಿನ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ಇಟ್ಟರೆ ತಿಂಗಳಿಗೆ 992ರಂತೆ ನಿಮಗೇ ಬಿಡುಗಡೆಯಾಗುತ್ತದೆ. ಯೂರೋಗೆ 100 ರೂಪಾಯಿ ಹಿಡಿದರೆ ಸುಮಾರು 11.9 ಲಕ್ಷ. ಸಾಲ ಮಂಜೂರು ಮಾಡುವ ಶಾಖೆ ಈ ಖಾತೆಗೆ ನೇರವಾಗಿ ಹಣ ಕಳಿಸುತ್ತದೆಯೇ ಎಂದು ಮೊದಲೇ ಕೇಳಿ.

ಏಜೆಂಟರ ಬಗ್ಗೆ

ಬೆಂಗಳೂರಿನ ಕನ್ಸಲ್ಟೆನ್ಸಿಗಳಲ್ಲಿ ಹಲವಕ್ಕೆ ವಿಶ್ವವಿದ್ಯಾಲಯಗಳಿಂದ ಕಮಿಷನ್ ಬರುತ್ತದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳು ಕಮಿಷನ್ ಕೊಡುವುದಿಲ್ಲ, ಆದ್ದರಿಂದ ಅಲ್ಲಿಗೆ ಹೋಗಬೇಕೆಂದರೂ ದುಬಾರಿ ಖಾಸಗಿ ಕಾಲೇಜು ತೋರಿಸುತ್ತಾರೆ. ವೀಸಾ ಅರ್ಜಿ ತುಂಬಲು ನೆರವು ಪಡೆಯಿರಿ, ಕೋರ್ಸ್ ಆಯ್ಕೆಯನ್ನು ಮಾತ್ರ ಅವರಿಗೆ ಬಿಡಬೇಡಿ. ಉದ್ದೇಶ ಪತ್ರವನ್ನೂ ಅವರಿಂದ ಬರೆಸಬೇಡಿ.

ವೀಸಾ, ಪ್ರಯಾಣ

ಅಮೆರಿಕದ ಅನುದಾನದ ಆಹ್ವಾನಕ್ಕೆ ಒಪ್ಪಿಗೆ ಕೊಡಲು ಬಹುತೇಕ ವಿಶ್ವವಿದ್ಯಾಲಯಗಳು ಏಪ್ರಿಲ್ 15ರವರೆಗೆ ಸಮಯ ಕೊಡುತ್ತವೆ. ಅದಕ್ಕೆ ಮುಂಚೆ ಅವಸರದಲ್ಲಿ ಬೇರೆ ಕಡೆ ಮುಂಗಡ ಕಟ್ಟಬೇಡಿ. ವಿಶ್ವವಿದ್ಯಾಲಯ ಕಳಿಸುವ ಐ-20 ಪ್ರವೇಶ ದಾಖಲೆ ಬಂದ ಕೂಡಲೇ 350 ಡಾಲರ್ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ನೋಂದಣಿ) ಶುಲ್ಕ ಕಟ್ಟಿ ಚೆನ್ನೈ ಅಥವಾ ಹೈದರಾಬಾದ್ ಸಂದರ್ಶನದ ದಿನ ಹಿಡಿಯಿರಿ. ಜರ್ಮನಿಯ ವೀಸಾ ಶುಲ್ಕ 75 ಯೂರೋ. ಅಲ್ಲಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ದುಡಿಯಬಹುದು, ಆದರೆ ಮೊದಲ ಸೆಮಿಸ್ಟರಿನ ಖರ್ಚನ್ನು ಆ ದುಡಿಮೆಯ ಮೇಲೆ ಲೆಕ್ಕ ಹಾಕಬೇಡಿ.

ಪೆಟ್ಟಿಗೆ ಕಟ್ಟುವಾಗ ಕೃಷಿ ವಿದ್ಯಾರ್ಥಿಗಳೇ ಮಾಡುವ ತಪ್ಪೊಂದಿದೆ. ಊರಿನ ರಾಗಿ ತಳಿಯ ಬೀಜ, ಹೊಲದ ಮಣ್ಣಿನ ಮಾದರಿ, ಒಣಗಿಸಿದ ರೋಗದ ಎಲೆ ಇವನ್ನು ಪ್ರಬಂಧಕ್ಕೆ ಬೇಕಾದೀತೆಂದು ಬಟ್ಟೆಯ ನಡುವೆ ಇಡಬೇಡಿ. ನಮ್ಮ ಜೀವವೈವಿಧ್ಯ ಕಾಯ್ದೆ ಮತ್ತು ಅಲ್ಲಿನ ಸಸ್ಯ ದಿಗ್ಬಂಧನದ ನಿಯಮ, ಎರಡೂ ಅಡ್ಡ ಬರುತ್ತವೆ. ಮಾದರಿ ನಿಜವಾಗಿ ಬೇಕಿದ್ದರೆ ಅಲ್ಲಿನ ಪ್ರೊಫೆಸರ್ ಆಮದು ಪರವಾನಗಿ ತೆಗೆಸಿ, ಇಲ್ಲಿನ ಸಂಸ್ಥೆಯೊಂದರ ಮೂಲಕ ಸಸ್ಯ ಆರೋಗ್ಯ ಪ್ರಮಾಣಪತ್ರದೊಂದಿಗೆ ತರಿಸಬೇಕು. ಆಸ್ಟ್ರೇಲಿಯಾಗೆ ಹೋಗುವವರು ಅಮ್ಮ ಕಟ್ಟಿಕೊಟ್ಟ ಹುರಿಹಿಟ್ಟು, ಒಣಗಿಸಿದ ಅವರೆಕಾಳು, ಉಪ್ಪಿನಕಾಯಿ ಎಲ್ಲವನ್ನೂ ಇಳಿಯುವ ಮುಂಚೆ ಕೊಡುವ ಕಾರ್ಡಿನಲ್ಲಿ ಘೋಷಿಸಿ. ಘೋಷಿಸಿದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ, ಮುಚ್ಚಿಟ್ಟರೆ ದಂಡ ಬೀಳುತ್ತದೆ, ವೀಸಾ ರದ್ದಾಗುವುದೂ ಉಂಟು. ಹೊಲಕ್ಕೆ ಹೋದ ಬೂಟುಗಳನ್ನು ಅಡಿಭಾಗದ ಮಣ್ಣು ಪೂರ್ತಿ ಹೋಗುವಂತೆ ಬ್ರಷ್ ಹಾಕಿ ತೊಳೆದು, ಒಣಗಿಸಿಯೇ ಇಡಿ.